ಮೆಕಾಂಗ್‌ನಿಂದ ಪಯಸ್ವಿನಿಯವರೆಗೆ: ಮರಳನ್ನೇ ನಂಬಿದ ಕಪ್ಪೆತಲೆಯ ಆಮೆ

ಥಾಯ್ ಭಾಷೆಯಲ್ಲಿ ಇದರ ಹೆಸರು ‘ಕಪ್ಪೆತಲೆಯ ಆಮೆ’. ನೋಡಿದವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗಲವಾದ ಚಪ್ಪಟೆ ತಲೆ, ಮೂತಿಯ ತುದಿಗೆ ಒತ್ತಿಕೊಂಡಂತಿರುವ ಪುಟ್ಟ ಕಣ್ಣುಗಳು, ಗಿಡ್ಡ ಮೂಗು. ಹೊಳೆಯ ತಳದ ಮರಳಿನಲ್ಲಿ ಮೈಯೆಲ್ಲ ಹೂತುಕೊಂಡು ತಲೆಯಷ್ಟನ್ನೇ ಹೊರಗಿಟ್ಟಾಗ ದೊಡ್ಡದೊಂದು ಗೋಂಕುರುಕಪ್ಪೆ ಕುಳಿತಂತೆಯೇ ಕಾಣುತ್ತದೆ. ಬೆನ್ನ ಮೇಲೆ ನಾವು ಆಮೆಯೆಂದ ಕೂಡಲೇ ನೆನೆಯುವ ಗಟ್ಟಿ ಬಿಲ್ಲೆಗಳ ಕವಚವಿಲ್ಲ. ತೊಗಲು ಹೊದ್ದ, ಅಂಚಿನಲ್ಲಿ ಬಳುಕುವ, ಪಾಚಿಬಣ್ಣದ ಮೆತ್ತನೆಯ ಹರಿವಾಣ ಅದು. ಬೆಳೆದ ಆಮೆಯ ಹರಿವಾಣ ಒಂದು ಮೀಟರ್ ಸಮೀಪಕ್ಕೂ ಹೋಗುತ್ತದೆ.

ವಿಜ್ಞಾನದ ಪುಸ್ತಕಗಳಲ್ಲಿ ಇದು ‘ಪೆಲೋಚೆಲಿಸ್ ಕ್ಯಾಂಟೋರಿ’. ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ 1864ರಲ್ಲಿ ಮಲಾಕ್ಕಾದ ಮಾದರಿಯನ್ನು ನೋಡಿ ವಿವರಿಸಿದಾಗ, ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿದ್ದ ಡೆನ್ಮಾರ್ಕ್ ಮೂಲದ ವೈದ್ಯ ಥಿಯೋಡರ್ ಕ್ಯಾಂಟರ್‌ನ ಹೆಸರನ್ನು ಅದಕ್ಕೆ ಇಟ್ಟ. ಆಗ್ನೇಯ ಏಷ್ಯಾದ ಉದ್ದಗಲಕ್ಕೆ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ, ಮಲೇಷ್ಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ಗಳ ದೊಡ್ಡ ಹೊಳೆಗಳಲ್ಲಿ ಇದರ ವಾಸ. ಉತ್ತರಕ್ಕೆ ದಕ್ಷಿಣ ಚೀನಾದವರೆಗೆ, ಪಶ್ಚಿಮಕ್ಕೆ ಬಾಂಗ್ಲಾದೇಶ ಮತ್ತು ಭಾರತದವರೆಗೆ ಇದರ ನೆಲೆ ಹಬ್ಬಿತ್ತು. ಇಷ್ಟು ವಿಶಾಲವಾದ ಭೂಪಟದಲ್ಲಿ ಇಂದು ಇದು ಮೊಟ್ಟೆಯಿಟ್ಟು ಮರಿ ಮಾಡುತ್ತಿರುವುದು ಖಚಿತವಾಗಿ ಗೊತ್ತಿರುವ ತಾಣಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಇದು ಈಗ ‘ತೀವ್ರ ಅಪಾಯದಂಚಿನ’ ಜೀವಿ.

ಆ ತಾಣಗಳಲ್ಲಿ ಎರಡು ಈ ಲೇಖನಕ್ಕೆ ಮುಖ್ಯ. ಒಂದು, ಕಾಂಬೋಡಿಯಾದ ಕ್ರಾಟಿಯೆ ಮತ್ತು ಸ್ಟಂಗ್ ಟ್ರೆಂಗ್ ಪ್ರಾಂತ್ಯಗಳ ನಡುವಿನ ಮೆಕಾಂಗ್ ನದಿ. ಇನ್ನೊಂದು, ನಮ್ಮ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಮಗ್ಗುಲಲ್ಲಿ ಪಯಸ್ವಿನಿಯಾಗಿ ಹರಿದು, ಕಾಸರಗೋಡಿನ ಬಳಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಡಲು ಸೇರುವ ಹೊಳೆ.

ಮೊದಲು ಈ ಪ್ರಾಣಿಯ ಸ್ವಭಾವ. ಬದುಕಿನ ಶೇ 95ರಷ್ಟು ಕಾಲವನ್ನು ಮರಳಿನಡಿ ಅಲ್ಲಾಡದೆ ಕಳೆಯುತ್ತದೆ, ದಿನಕ್ಕೆ ಎರಡೇ ಬಾರಿ ಉಸಿರಿಗೆಂದು ಮೇಲೆ ಬರುತ್ತದೆ ಎಂಬ ಮಾತು ಇದರ ಬಗ್ಗೆ ಬಂದ ಪ್ರತಿ ಬರಹದಲ್ಲೂ ಇದೆ. ಮರಳಿನಡಿ ಅಡಗಿರುವ ಪ್ರಾಣಿಯ ದಿನಚರಿಯನ್ನು ಶೇಕಡಾವಾರು ಲೆಕ್ಕ ಹಾಕಿದವರು ಯಾರು ಎಂದು ಕೇಳಬೇಕೆನಿಸುತ್ತದೆ. ಅಂಕಿಯನ್ನು ಬದಿಗಿಟ್ಟರೂ ಸ್ವಭಾವ ನಿಜ. ಮೆದುಚಿಪ್ಪಿನ ಆಮೆಗಳು ತೊಗಲಿನ ಮೂಲಕ, ಗಂಟಲಿನ ಒಳಪೊರೆಯ ಮೂಲಕ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳಬಲ್ಲವು. ಹಾಗಾಗಿ ಉಸಿರಿನ ಅವಸರವಿಲ್ಲ. ಮೀನು, ಸಿಗಡಿ, ಏಡಿ ಹತ್ತಿರ ಸುಳಿಯುವ ತನಕ ಕಾಯುತ್ತದೆ; ಸುಳಿದ ಕ್ಷಣ ಕುತ್ತಿಗೆ ಚಾಚಿ ಹಿಡಿಯುತ್ತದೆ. ಅಟ್ಟಿಸಿಕೊಂಡು ಹೋಗುವ ಪ್ರಾಣಿಯಲ್ಲ, ಹೊಂಚುವ ಪ್ರಾಣಿ. ಅದು ಹೊಂಚಲು ಮರಳು ಬೇಕು. ಮೊಟ್ಟೆಯಿಡಲೂ ಮರಳೇ ಬೇಕು: ನೀರು ಇಳಿದ ಬೇಸಿಗೆಯಲ್ಲಿ ಮೇಲೆದ್ದ ದಂಡೆಗೆ ರಾತ್ರಿ ಹತ್ತಿ, ಗುಂಡಗಿನ ಬಿಳಿ ಮೊಟ್ಟೆಗಳನ್ನು ಹೂತು ಮರಳುತ್ತದೆ.

ಕಾಣದೆ ಬದುಕುವುದು ಲಕ್ಷಾಂತರ ವರ್ಷ ಈ ಆಮೆಯನ್ನು ಕಾಪಾಡಿತು. ಕಳೆದ ಐವತ್ತು ವರ್ಷಗಳಲ್ಲಿ ಅದೇ ಗುಣ ಅದಕ್ಕೆ ಮುಳುವಾಯಿತು ಎಂದು ನನಗೆ ಅನ್ನಿಸುತ್ತದೆ. ಕಣ್ಣಿಗೆ ಬೀಳದ ಪ್ರಾಣಿ ಕಡಿಮೆಯಾದರೆ ಯಾರ ಗಮನಕ್ಕೂ ಬರುವುದಿಲ್ಲ.

2007ರ ಮಾರ್ಚ್‌ನಲ್ಲಿ ಕಾಂಬೋಡಿಯಾದ ಮೆಕಾಂಗ್ ದಂಡೆಯಲ್ಲಿ ಸಮೀಕ್ಷೆ ನಡೆಸುತ್ತಿದ್ದ ಸಂಶೋಧಕರ ಕೈಗೆ 11 ಕಿಲೋ ತೂಕದ ಹೆಣ್ಣಾಮೆಯೊಂದು ಸಿಕ್ಕಿತು. ಆ ದೇಶದ ಮೀನುಗಾರಿಕೆ ಆಡಳಿತದ ಜೊತೆಗೆ ಕನ್ಸರ್ವೇಶನ್ ಇಂಟರ್‌ನ್ಯಾಷನಲ್, ಡಬ್ಲ್ಯುಡಬ್ಲ್ಯುಎಫ್ ಮೊದಲಾದ ಸಂಸ್ಥೆಗಳು ಸೇರಿ ಮಾಡಿದ ಸಮೀಕ್ಷೆ ಅದು. ಆಮೆಯನ್ನು ನೋಡಿ, ಅಳೆದು, ಹೊಳೆಗೆ ಬಿಟ್ಟರು. ಗೂಡು ಸಿಕ್ಕಿತು, ಮೊಟ್ಟೆಗಳು ಒಡೆದು ಮರಿಗಳೂ ಹೊರಬಂದವು. 2003ರ ನಂತರ ಆ ದೇಶದಲ್ಲಿ ಇದು ಕಂಡಿರಲಿಲ್ಲ. ಹಾಗಾಗಿ ಪತ್ರಿಕೆಗಳು ‘ಮರುಶೋಧ’ ಎಂದು ಬರೆದವು.

ಆ ಪ್ರದೇಶ ಕಮ್ಯುನಿಸ್ಟ್ ಬಂಡುಕೋರರಾದ ಖ್ಮೇರ್ ರೂಜ್ ಪಡೆಗಳ ಕೊನೆಯ ನೆಲೆಗಳಲ್ಲಿ ಒಂದಾಗಿತ್ತು. 1990ರ ದಶಕದ ಕೊನೆಯವರೆಗೂ ಸಂಶೋಧಕರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಕಾಂಬೋಡಿಯಾದ ಜನರನ್ನು ನುಂಗಿದ ಯುದ್ಧ ಅಲ್ಲಿನ ಹೊಳೆಯ ಒಂದು ತುಂಡನ್ನು ಮಾತ್ರ ಅರಿಯದೇ ಕಾಯ್ದಿತ್ತು. ಇದನ್ನು ಹೇಳುವಾಗ ಸಂಕೋಚವಾಗುತ್ತದೆ, ಆದರೆ ಜಗತ್ತಿನ ಹಲವು ಕಾಡು-ಹೊಳೆಗಳ ಕಥೆ ಹೀಗೆಯೇ ಇದೆ. ಆ ಹೊಳೆತುಂಡಿನ ಸಂಪತ್ತು ಇಂದಿಗೂ ಬೆರಗು ಹುಟ್ಟಿಸುತ್ತದೆ. ಬೇಸಿಗೆಯಲ್ಲೂ ಬತ್ತದ ಆಳವಾದ ಮಡುಗಳು, ಬಂಡೆಗಳ ನಡುವೆ ಕವಲೊಡೆದ ಹರಿವು, ಮುಳುಗಿ ಏಳುವ ಕಾಡು, ಮರಳಿನ ದ್ವೀಪಗಳು. 2020ರ ಎಣಿಕೆಯಂತೆ ಮೆಕಾಂಗ್‌ನಲ್ಲಿ ಉಳಿದಿದ್ದ ಐರಾವತಿ ಡಾಲ್ಫಿನ್‌ಗಳು 89; ಅವು ಇರುವುದು ಇಲ್ಲೇ. 2022ರ ಜೂನ್‌ನಲ್ಲಿ ಸ್ಟಂಗ್ ಟ್ರೆಂಗ್‌ನ ಕೋಹ್ ಪ್ರೇಹ್ ದ್ವೀಪದ ಬಳಿ ಮೀನುಗಾರರೊಬ್ಬರ ಗಾಳಕ್ಕೆ 300 ಕಿಲೋ ತೂಕದ ತೊರಕೆ ಮೀನು ಸಿಕ್ಕಿತು. ದಾಖಲಾದ ಸಿಹಿನೀರಿನ ಮೀನುಗಳಲ್ಲೆಲ್ಲ ದೊಡ್ಡದು ಎಂದು ಅದನ್ನು ಗುರುತಿಸಿ, ಸಾಧನ ಅಳವಡಿಸಿ, ಮತ್ತೆ ನೀರಿಗೆ ಬಿಟ್ಟರು.

‘ಮರುಶೋಧ’ ಎಂಬ ಪದದ ಮೇಲೆ ನನಗೆ ತಕರಾರಿದೆ. ಹೊಳೆಬದಿಯ ಹಳ್ಳಿಯವರು ಪ್ರತಿ ಬೇಸಿಗೆಯಲ್ಲೂ ಈ ಆಮೆಯ ಮೊಟ್ಟೆಗಳನ್ನು ಅಗೆದು ತಿನ್ನುತ್ತಿದ್ದರು, ಮಾರುತ್ತಿದ್ದರು. ಅವರ ಮಟ್ಟಿಗೆ ಆಮೆ ಕಳೆದುಹೋಗಿಯೇ ಇರಲಿಲ್ಲ. ಆ ಹನ್ನೊಂದು ಕಿಲೋದ ಬಗ್ಗೆಯೂ ಯೋಚಿಸಬೇಕು. ಹತ್ತಾರು ಕಿಲೋ ತೂಗಬಲ್ಲ ಜಾತಿಯಲ್ಲಿ ಸಂಭ್ರಮಕ್ಕೆ ಕಾರಣವಾದ ಹೆಣ್ಣು ಹನ್ನೊಂದು ಕಿಲೋದ್ದು. ದೊಡ್ಡವೆಲ್ಲ ಎಲ್ಲಿ ಹೋದವು?

ಉತ್ತರ ಬಹುಮಟ್ಟಿಗೆ ಅಡುಗೆಮನೆಯಲ್ಲಿದೆ. 1980ರ ದಶಕದ ಕೊನೆಯಿಂದ ಚೀನಾದ ಆರ್ಥಿಕತೆ ತೆರೆದುಕೊಂಡಂತೆ ಅಲ್ಲಿನ ಊಟ ಮತ್ತು ಔಷಧದ ಮಾರುಕಟ್ಟೆಗೆ ಆಗ್ನೇಯ ಏಷ್ಯಾದ ಆಮೆಗಳು ಟನ್‌ಗಟ್ಟಲೆ ಹರಿಯತೊಡಗಿದವು. ಒಂದು ದೇಶದ ಹೊಳೆ ಖಾಲಿಯಾದರೆ ವ್ಯಾಪಾರಿಗಳು ಮುಂದಿನ ದೇಶಕ್ಕೆ ಹೋದರು. 1999ರ ಡಿಸೆಂಬರ್‌ನಲ್ಲಿ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ ತಜ್ಞರು ಸಭೆ ಸೇರುವ ಹೊತ್ತಿಗೆ ಇದಕ್ಕೆ ‘ಏಷ್ಯಾದ ಆಮೆ ಬಿಕ್ಕಟ್ಟು’ ಎಂಬ ಹೆಸರೇ ಬಂದಿತ್ತು. ಮೆದುಚಿಪ್ಪಿನ ಆಮೆಗಳಿಗೆ ಅಲ್ಲಿ ವಿಶೇಷ ಬೆಲೆ; ಚಿಪ್ಪಿನ ಅಂಚಿನ ಅಂಟಂಟು ತೊಗಲು ರುಚಿಯ ಭಾಗವೆಂದು ಎಣಿಕೆ. ಈಗ ಚೀನಾದ ಸಾಕಣೆ ಕೇಂದ್ರಗಳಲ್ಲಿ ಇನ್ನೊಂದು ಜಾತಿಯ ಚಿಕ್ಕ ಮೆದುಚಿಪ್ಪಿನ ಆಮೆಯನ್ನು ಕೋಳಿಯಂತೆ ಸಾಕುತ್ತಾರೆ. ಎಲ್ಲ ಜಾತಿಗಳನ್ನೂ ಸೇರಿಸಿದರೆ ವರ್ಷಕ್ಕೆ 30 ಕೋಟಿಗೂ ಹೆಚ್ಚು ಆಮೆಗಳು ಅಲ್ಲಿನ ಸಾಕಣೆ ಕೇಂದ್ರಗಳಿಂದ ಮಾರಾಟವಾಗುತ್ತವೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸಾಕಿದ್ದು ಸಿಕ್ಕರೆ ಕಾಡಿನದು ಉಳಿಯುತ್ತದೆ ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ ಹೊಳೆಯ ಆಮೆಗೇ ರುಚಿ, ಅದಕ್ಕೇ ಗುಣ ಎಂದು ನಂಬಿದ ಗಿರಾಕಿ ಹೆಚ್ಚು ದುಡ್ಡು ಕೊಡುತ್ತಾನೆ. ನಾಟಿ ಕೋಳಿಗೂ ಫಾರಂ ಕೋಳಿಗೂ ಇರುವ ಬೆಲೆಯ ಅಂತರವನ್ನು ಬಲ್ಲ ನಮಗೆ ಇದು ಹೊಸ ವಿಷಯವಲ್ಲ.

ಕಾಗದದ ಮೇಲೆ ರಕ್ಷಣೆ ಇದೆ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಇದರ ಹೆಸರಿದೆ, ಭಾರತದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲೂ ಇದೆ. ಪೆಟ್ಟಿಗೆ ತುಂಬಿ ವಿಮಾನ ನಿಲ್ದಾಣಕ್ಕೆ ಬಂದ ಆಮೆಯನ್ನು ಹಿಡಿಯಲು ಇವು ಬೇಕೇ ಬೇಕು. ಮೀನಿಗೆ ಹಾಕಿದ ಗಾಳವನ್ನು ನುಂಗಿ ಹೊಳೆಯ ತಳದಲ್ಲೇ ಸಾಯುವ ಆಮೆಗೆ ಯಾವ ಅನುಬಂಧದಿಂದಲೂ ಪ್ರಯೋಜನವಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಆಮೆಗಳ ವಿಷಯದಲ್ಲಿ ನಡೆಯುವ ಹೆಚ್ಚಿನ ಒಳ್ಳೆಯ ಕೆಲಸಗಳು ಎಡವುವುದು ಇದೇ ಲೆಕ್ಕದಲ್ಲಿ. ಒಂದು ಹೆಣ್ಣು ವರ್ಷಕ್ಕೆ ಮೂವತ್ತು ಮೊಟ್ಟೆ ಇಡುತ್ತದೆ, ಮೂವತ್ತು ವರ್ಷ ಇಡುತ್ತದೆ ಎಂದು ಉದಾಹರಣೆಗೆ ಹಿಡಿಯೋಣ. ಒಟ್ಟು ಒಂಬೈನೂರು ಮೊಟ್ಟೆ. ಆಮೆಗಳ ಸಂಖ್ಯೆ ಇದ್ದಷ್ಟೇ ಇರಬೇಕಾದರೆ ಈ ಒಂಬೈನೂರರಲ್ಲಿ ಎರಡು ಬೆಳೆದು ದೊಡ್ಡವಾದರೆ ಸಾಕು. ಉಳಿದ 898ನ್ನು ಉಡ, ಹದ್ದು, ಮೀನು, ನಾಯಿ, ಮನುಷ್ಯ ತಿಂದರೂ ಪ್ರಕೃತಿ ಅದಕ್ಕೆ ಅವಕಾಶ ಇಟ್ಟಿದೆ. ಆದರೆ ಆ ಹೆಣ್ಣು ಮೊಟ್ಟೆಯಿಡಲು ತೊಡಗಿದ ಮೂರನೆಯ ವರ್ಷಕ್ಕೇ ಗಾಳಕ್ಕೆ ಬಿದ್ದರೆ ಒಂಬೈನೂರು ತೊಂಬತ್ತಾಗುತ್ತದೆ, ಸರಾಸರಿಯಲ್ಲಿ ಒಂದು ಮರಿಯೂ ಉಳಿಯುವುದಿಲ್ಲ. ಮೊಟ್ಟೆಯ ನಷ್ಟವನ್ನು ಆಮೆಗಳು ತಡೆದುಕೊಳ್ಳುತ್ತವೆ. ತಾಯಿಯ ನಷ್ಟವನ್ನು ತಡೆಯಲಾರವು. ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಕಡಲಾಮೆಗಳ ಬಗ್ಗೆ ಕ್ರೌಸ್, ಕ್ರೌಡರ್ ಮತ್ತು ಕ್ಯಾಸ್ವೆಲ್ ಎಂಬ ವಿಜ್ಞಾನಿಗಳು 1987ರಲ್ಲಿ ಇದನ್ನೇ ಗಣಿತದಲ್ಲಿ ತೋರಿಸಿದ್ದರು. ಕಡಲತೀರದ ಗೂಡುಗಳನ್ನು ಎಷ್ಟೇ ಕಾದರೂ ಸಿಗಡಿ ಬಲೆಯಲ್ಲಿ ದೊಡ್ಡ ಆಮೆಗಳು ಸಾಯುವುದು ನಿಲ್ಲದೆ ಸಂಖ್ಯೆ ಏರದು ಎಂಬುದು ಅವರ ಮಾತಿನ ತಿರುಳು. ಬಲೆಗಳಲ್ಲಿ ಆಮೆ ತಪ್ಪಿಸಿಕೊಳ್ಳುವ ಕಿಂಡಿ ಇಡುವುದು ಅಲ್ಲಿ ಕಡ್ಡಾಯವಾಗಲು ಇಂಥ ಲೆಕ್ಕಗಳು ಬಲ ಕೊಟ್ಟವು. ಆ ಕಿಂಡಿ ಇಲ್ಲವೆಂಬ ಕಾರಣಕ್ಕೇ 2019ರಲ್ಲಿ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಮಾರುಕಟ್ಟೆ ಮುಚ್ಚಿಕೊಂಡಿತು.

ಈಗ ಕ್ರಾಟಿಯೆಗೆ ಮರಳೋಣ. ಅಲ್ಲಿನ ಸಾಂಬೋರ್ ಎಂಬ ಊರಿನ ಹಳೆಯ ಹೆಸರು ಶಂಭುಪುರ. ಒಂದು ಕಾಲದ ರಾಜಧಾನಿ. ‘ನೂರು ಕಂಬಗಳ ಪಗೋಡ’ ಎಂದು ಹೆಸರಾದ ಬೌದ್ಧ ವಿಹಾರವೊಂದು ಅಲ್ಲಿದೆ. ಅದರ ಅಂಗಳದಲ್ಲಿ 2011ರಲ್ಲಿ ಮೆಕಾಂಗ್ ಆಮೆ ಸಂರಕ್ಷಣಾ ಕೇಂದ್ರ ಆರಂಭವಾಯಿತು. ಹೊಳೆದಂಡೆಯ ಗೂಡುಗಳಿಂದ ಹೊರಬಂದ ಮರಿಗಳಲ್ಲಿ ಕೆಲವನ್ನು ತಂದು ತೊಟ್ಟಿಗಳಲ್ಲಿ ಸುಮಾರು ಹತ್ತು ತಿಂಗಳು ಸಾಕಿ, ಸ್ವಲ್ಪ ದೊಡ್ಡದಾದ ಮೇಲೆ ಹೊಳೆಗೆ ಬಿಡುತ್ತಾರೆ. ಭಿಕ್ಷುಗಳ ಆಶೀರ್ವಾದ, ಶಾಲಾಮಕ್ಕಳ ಸಾಲು, ಪ್ರವಾಸಿಗಳ ಕ್ಯಾಮೆರಾ, ಅಂಗೈಯಗಲದ ಮರಿಗಳು ನೀರಿಗೆ ಇಳಿಯುವ ದೃಶ್ಯ. ಚಂದದ ಚಿತ್ರ ಸಿಗುತ್ತದೆ. ಆದರೆ ಮೇಲಿನ ಲೆಕ್ಕದಂತೆ ನೋಡಿದರೆ ಈ ಇಡೀ ಕಾರ್ಯಕ್ರಮದಲ್ಲಿ ಆಮೆಗೆ ಅತಿ ಕಡಿಮೆ ಉಪಕಾರ ಮಾಡುವುದು ಈ ಚಿತ್ರ ಸಿಗುವ ಭಾಗವೇ. ಹತ್ತು ತಿಂಗಳ ಮರಿ ಮೊಟ್ಟೆಯಿಡುವ ವಯಸ್ಸಿಗೆ ಬರಲು ವರ್ಷಗಟ್ಟಲೆ ಆಗುತ್ತದೆ. ಅಷ್ಟೂ ವರ್ಷ ಗಾಳಗಳ ನಡುವೆ ತಪ್ಪಿಸಿಕೊಳ್ಳಬೇಕು.

ಹಾಗೆಂದು ಅದನ್ನು ಅಲ್ಲಗಳೆಯಲಾರೆ. ಕೇಂದ್ರದ ನಿಜವಾದ ಕೆಲಸ ತೊಟ್ಟಿಯ ಹೊರಗೆ ನಡೆಯುತ್ತಿದೆ. ಹಿಂದೆ ಮೊಟ್ಟೆ ಅಗೆಯುತ್ತಿದ್ದವರಿಗೇ ಗೂಡು ಕಾಯುವ ಕೂಲಿ ಸಿಗುತ್ತಿದೆ. ಮರಳಿನ ಮೇಲೆ ಆಮೆ ನಡೆದ ಜಾಡನ್ನು ಅವರಷ್ಟು ಚೆನ್ನಾಗಿ ಓದಬಲ್ಲವರು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಗಾಳಕ್ಕೆ ಸಿಕ್ಕ ದೊಡ್ಡ ಆಮೆಯನ್ನು ಸಂತೆಗೆ ಒಯ್ಯುವ ಬದಲು ಸುದ್ದಿ ಮುಟ್ಟಿಸುವ ಅಭ್ಯಾಸ ಬೆಳೆಯುವುದು ಇಂಥ ನಂಟಿನಿಂದಲೇ. ಪಗೋಡದ ಆವರಣದಲ್ಲಿರುವ ಪ್ರಾಣಿಗೆ ಒಂದು ಬಗೆಯ ಪಾವಿತ್ರ್ಯವೂ ಬರುತ್ತದೆ. ಸುಳ್ಯದ ತೊಡಿಕಾನದ ಮತ್ಸ್ಯತೀರ್ಥದಲ್ಲಿ, ಶಿಶಿಲದಲ್ಲಿ, ಶೃಂಗೇರಿಯಲ್ಲಿ ‘ದೇವರ ಮೀನು’ಗಳನ್ನು ನೋಡಿದವರಿಗೆ ಇದರ ಶಕ್ತಿ ಗೊತ್ತು. ಮಿತಿಯೂ ಗೊತ್ತಿರಬೇಕು: 1996ರಲ್ಲಿ ಶಿಶಿಲದ ಹೊಳೆಗೆ ವಿಷ ಹಾಕಿದಾಗ ಸಾವಿರಾರು ದೇವರ ಮೀನುಗಳು ಸತ್ತವು, ಅವುಗಳ ನೆನಪಿನ ಸ್ಮಾರಕ ಅಲ್ಲಿದೆ. ದೇವರ ಹೆಸರು ದಂಡೆಯ ಮನುಷ್ಯನನ್ನು ತಡೆಯಬಹುದು, ಮೇಲಿನಿಂದ ಹರಿದುಬರುವುದನ್ನು ತಡೆಯಲಾರದು.

ಮೆಕಾಂಗ್‌ನಲ್ಲಿ ಮೇಲಿನಿಂದ ಬರುತ್ತಿರುವುದು ವಿಷವಲ್ಲ. ತಪ್ಪಿದ ಹೊತ್ತಿಗೆ ಬರುವ ನೀರು, ಮತ್ತು ಬಾರದೇ ಉಳಿದ ಮರಳು.

ಚೀನಾದ ಭಾಗದಲ್ಲಿ ಈ ನದಿಯ ಮುಖ್ಯ ಹರಿವಿಗೆ ಹತ್ತಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳು ಬಂದಿವೆ. ಲಾವೋಸ್‌ನಲ್ಲಿ 1,285 ಮೆಗಾವಾಟ್‌ನ ಸಯಾಬುರಿ 2019ರ ಅಕ್ಟೋಬರ್‌ನಲ್ಲಿ ಪೂರ್ಣಪ್ರಮಾಣದಲ್ಲಿ ಕೆಲಸ ಆರಂಭಿಸಿತು. ಕಾಂಬೋಡಿಯಾದ ಗಡಿಗೆ ತಾಗಿಕೊಂಡಂತೆ ಡಾನ್ ಸಹೋಂಗ್ 2020ರಲ್ಲಿ ಶುರುವಾಯಿತು. ಉಪನದಿಯಾದ ಸೆಸಾನ್‌ಗೆ ಅಡ್ಡಲಾಗಿ, ಸ್ಟಂಗ್ ಟ್ರೆಂಗ್ ಪ್ರಾಂತ್ಯದಲ್ಲೇ, 400 ಮೆಗಾವಾಟ್‌ನ ‘ಕೆಳ ಸೆಸಾನ್-2’ 2018ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಇವುಗಳಲ್ಲಿ ಯಾವುದೂ ಆಮೆ ಇರುವ ಜಾಗದಲ್ಲೇ ನಿಂತಿಲ್ಲ. ಹಾಗಾದರೆ ಆಮೆಗೇನು ತೊಂದರೆ ಎಂದು ಕೇಳುವವರಿದ್ದಾರೆ.

ತೊಂದರೆ ಗಡಿಯಾರದ್ದು. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಇಳಿಯುವುದು ಹೊಳೆಯ ಹಳೆಯ ಲಯ. ನೀರು ಇಳಿದು ದಂಡೆ ಮೇಲೆದ್ದಾಗ, ಇನ್ನು ಕೆಲವು ತಿಂಗಳು ಈ ಜಾಗ ಒಣಗಿಯೇ ಇರುತ್ತದೆ ಎಂಬ ಭರವಸೆಯಲ್ಲಿ ಆಮೆ ಮೊಟ್ಟೆ ಹೂಳುತ್ತದೆ. ಆ ಭರವಸೆ ಅದರ ರಕ್ತದಲ್ಲಿದೆ. ವಿದ್ಯುತ್ ಉತ್ಪಾದಿಸುವ ಅಣೆಕಟ್ಟಿನ ಲಯ ಬೇರೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವುದೇ ಅದರ ಉದ್ದೇಶ. ಬಿಡುವುದೂ ಒಂದೇ ಸಮನಲ್ಲ. ದೂರದ ನಗರದಲ್ಲಿ ಏರ್‌ಕಂಡಿಷನರ್‌ಗಳು ಚಾಲೂ ಆದಾಗ ಹೆಚ್ಚು, ನಿಂತಾಗ ಕಡಿಮೆ. ಕೆಳಗಿನ ದಂಡೆಯಲ್ಲಿ ನೀರು ಒಂದೆರಡು ಅಡಿ ಏರಿ ಇಳಿಯುವುದು ಎಂಜಿನಿಯರ್‌ಗೆ ಗಣನೆಗೆ ಬಾರದ ಸಂಗತಿ. ಒಂದಡಿ ಆಳದಲ್ಲಿ ಹೂತ ಮೊಟ್ಟೆಗಳಿಗೆ ಒಂದು ರಾತ್ರಿ ಮುಳುಗಿದರೆ ಸಾಕು. ಮರಳ ದಂಡೆಯಲ್ಲಿ ಮೊಟ್ಟೆಯಿಡುವ ರೀವ ಹಕ್ಕಿಗಳೂ ಮೆಕಾಂಗ್‌ನಲ್ಲಿ ಇದೇ ಏಟು ತಿನ್ನುತ್ತಿವೆ.

ಮರಳಿನ ಕಥೆ ಇನ್ನೂ ನಿಧಾನದ್ದು, ಆದ್ದರಿಂದ ಇನ್ನೂ ಕೆಟ್ಟದ್ದು. ಅಣೆಕಟ್ಟುಗಳು ಬರುವ ಮೊದಲು ಮೆಕಾಂಗ್ ವರ್ಷಕ್ಕೆ ಸುಮಾರು 16 ಕೋಟಿ ಟನ್ ಹೂಳನ್ನು ಕೆಳಕ್ಕೆ ಒಯ್ಯುತ್ತಿತ್ತು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಅದರಲ್ಲಿ ದೊಡ್ಡ ಪಾಲು ಈಗ ಜಲಾಶಯಗಳ ತಳದಲ್ಲಿ ಕೂತಿದೆ. ಕೆಳಗೆ, ನಾಮ್ ಪೆನ್‌ನ ಸುತ್ತ ಮತ್ತು ವಿಯೆಟ್ನಾಂನ ಮುಖಜಭೂಮಿಯಲ್ಲಿ, ಇದ್ದ ಮರಳನ್ನು ಹೂಳೆತ್ತುವ ಹಡಗುಗಳು ಹೀರುತ್ತಿವೆ. ಕೆರೆಗಳನ್ನು ತುಂಬಿಸಿ ಬಡಾವಣೆ ಮಾಡಲು, ಕಾಂಕ್ರೀಟಿಗೆ. ಪ್ರತಿ ಮಳೆಗಾಲವೂ ಹಳೆಯ ದಂಡೆಯನ್ನು ಕೊರೆದುಕೊಂಡು ಹೋಗಿ ಹೊಸದನ್ನು ಕಟ್ಟಿಕೊಡುವುದು ಹೊಳೆಯ ಪದ್ಧತಿ. ಕೊರೆಯುವುದು ಮುಂದುವರಿದು ಕಟ್ಟಿಕೊಡುವುದು ಮಾತ್ರ ನಿಂತರೆ, ಹಳ್ಳಿಯವರು ಎಷ್ಟೇ ನಿಷ್ಠೆಯಿಂದ ಗೂಡು ಕಾದರೂ ಕಾಯಲು ಒಂದು ದಿನ ದಂಡೆಯೇ ಇರುವುದಿಲ್ಲ.

ಸಾಂಬೋರ್‌ನಲ್ಲೇ 2,600 ಮೆಗಾವಾಟ್‌ನ ದೊಡ್ಡ ಅಣೆಕಟ್ಟು ಕಟ್ಟುವ ಯೋಜನೆ ವರ್ಷಗಳಿಂದ ಕಡತದಲ್ಲಿದೆ. ಅದು ಬಂದರೆ ಮಡು, ದಂಡೆ, ಡಾಲ್ಫಿನ್, ಆಮೆ ಎಲ್ಲವೂ ಹಿನ್ನೀರಿನಡಿ. 2020ರ ಮಾರ್ಚ್‌ನಲ್ಲಿ ಕಾಂಬೋಡಿಯಾ ಸರ್ಕಾರ ಮೆಕಾಂಗ್‌ನ ಮುಖ್ಯ ಹರಿವಿನಲ್ಲಿ ಹತ್ತು ವರ್ಷ ಯಾವ ಅಣೆಕಟ್ಟನ್ನೂ ಕಟ್ಟುವುದಿಲ್ಲವೆಂದು ಪ್ರಕಟಿಸಿತು. ಆಮೆಗಾಗಿ ಇಷ್ಟು ದೊಡ್ಡ ಕೆಲಸ ಯಾವ ತೊಟ್ಟಿಯಲ್ಲೂ ಆಗಿಲ್ಲ. ಮಾಡಿದವರು ಆಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ ಎಂಬುದು ಬೇರೆ ಮಾತು. ಆದರೆ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಷ್ಟು ದೊಡ್ಡ ಮೆದುಚಿಪ್ಪಿನ ಆಮೆ ಪ್ರಾಯಕ್ಕೆ ಬರಲು ಹತ್ತು ವರ್ಷವಾದರೂ ಹಿಡಿಯುತ್ತದೆ. ಘೋಷಣೆಯ ವರ್ಷ ಹೊಳೆಗೆ ಇಳಿದ ಮರಿ ಮೊದಲ ಮೊಟ್ಟೆಯಿಡಲು ದಂಡೆ ಹುಡುಕುವ ಹೊತ್ತಿಗೆ ಆ ಹತ್ತು ವರ್ಷದ ಮಾತು ಮುಗಿದಿರುತ್ತದೆ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಇದೇ ಕುಟುಂಬದ ಇನ್ನೊಂದು ದೈತ್ಯನ ಕಥೆಯಿದೆ. ಚೀನಾ ಮತ್ತು ವಿಯೆಟ್ನಾಂನ ಕೆಂಪುನದಿ ಸೀಮೆಯ ‘ರಫೆಟಸ್’ ಆಮೆ. ಹನೋಯ್ ನಗರದ ಹೋನ್ ಕಿಯೆಮ್ ಕೆರೆಯಲ್ಲಿ ಅದನ್ನು ದೇವತೆಯಂತೆ ಕಂಡರು. 2016ರ ಜನವರಿಯಲ್ಲಿ ಅಲ್ಲಿನ ಕೊನೆಯದು ಸತ್ತಿತು. ಚೀನಾದಲ್ಲಿ ಒಂದು ಹೆಣ್ಣನ್ನು 2008ರಲ್ಲಿ ಚಾಂಗ್‌ಷಾ ಮೃಗಾಲಯದಿಂದ ಸುಝೌಗೆ ತಂದು ಅಲ್ಲಿನ ಮುದಿ ಗಂಡಿನ ಜೊತೆ ಬಿಟ್ಟರು. ವರ್ಷ ವರ್ಷವೂ ಮೊಟ್ಟೆಯಿಟ್ಟಿತು, ಒಂದೂ ಫಲಿಸಲಿಲ್ಲ. ಕೃತಕ ಗರ್ಭಧಾರಣೆಗೆ ಮುಂದಾದರು. 2019ರ ಏಪ್ರಿಲ್‌ನಲ್ಲಿ ಅಂಥ ಒಂದು ಪ್ರಯತ್ನದ ಮರುದಿನ ಅದು ಸತ್ತಿತು. 2020ರ ಅಕ್ಟೋಬರ್‌ನಲ್ಲಿ ವಿಯೆಟ್ನಾಂನ ಡೋಂಗ್ ಮೋ ಕೆರೆಯಲ್ಲಿ 86 ಕಿಲೋದ ಇನ್ನೊಂದು ಹೆಣ್ಣು ಸಿಕ್ಕಾಗ ಜಗತ್ತಿನ ಆಮೆತಜ್ಞರೆಲ್ಲ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಗಂಡನ್ನು ಜೊತೆಗೂಡಿಸುವ ಮಾತು ನಡೆಯುತ್ತಿದ್ದಂತೆಯೇ 2023ರ ಏಪ್ರಿಲ್‌ನಲ್ಲಿ ಅದರ ಹೆಣ ಕೆರೆಯಲ್ಲಿ ತೇಲಿತು. ಕಪ್ಪೆತಲೆಯ ಆಮೆಯ ಸ್ಥಿತಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಕಳೆದ ದಶಕದಲ್ಲಿ ಇದನ್ನು ಕೊಳಗಳಲ್ಲಿ ಮರಿ ಮಾಡಿಸುವುದೂ ಸಾಧ್ಯವಾಗಿದೆ.

ಇನ್ನು ನಮ್ಮ ಕಡೆಗೆ. 2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತ್ ತನ್ನದೇ ಆದ ಮರ, ಹೂವು, ಹಕ್ಕಿ ಮತ್ತು ಜೀವಿಯನ್ನು ಅಧಿಕೃತವಾಗಿ ಘೋಷಿಸಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆ. ಮರ ಕಾಸರಕ, ಊರಿಗೆ ಹೆಸರು ಕೊಟ್ಟಿದ್ದೆಂದು ಹೇಳುವ ಮರ. ಹೂವು ಪೆರಿಯದಲ್ಲಿ ಸಿಗುವ ಪೊಲತ್ತಾಳಿ. ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು. ಜೀವಿ ‘ಪಾಲಪ್ಪೂವನ್’. ಅದೇ ನಮ್ಮ ಕಪ್ಪೆತಲೆಯ ಆಮೆ. ‘ಭೀಮನಾಮ’ ಎಂಬ ಹೆಸರೂ ಇದೆ, ಭೀಮಗಾತ್ರದ ಆಮೆ ಎಂದು.

ಭಾರತದಲ್ಲಿ ಇದರ ಬಗ್ಗೆ ಇದ್ದದ್ದು ಚದುರಿದ ಕೆಲವು ದಾಖಲೆಗಳು ಮಾತ್ರ. ಅದೂ ಗೊಂದಲದ್ದು: 1995ರವರೆಗೆ ಏಷ್ಯಾದ ಈ ಆಮೆಯನ್ನೂ ನ್ಯೂಗಿನಿಯ ಸಂಬಂಧಿಯನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದುದರಿಂದ ಹಳೆಯ ಪಟ್ಟಿಗಳಲ್ಲಿ ಇದು ಬೇರೆ ಹೆಸರಿನಲ್ಲಿ ಅಡಗಿದೆ. ಚಂದ್ರಗಿರಿಯ ದಂಡೆಯಲ್ಲಿ ಸಂಶೋಧಕಿ ಆಯುಷಿ ಜೈನ್ ಮತ್ತು ಸಂಗಡಿಗರು ಆರಿಸಿಕೊಂಡ ದಾರಿ ಸರಳವಾಗಿತ್ತು. ಹೊಳೆಯಲ್ಲಿ ಹುಡುಕುವ ಮೊದಲು ಹೊಳೆಬದಿಯವರನ್ನು ಕೇಳಿದರು. ಎಲ್ಲಿ ಕಂಡಿರಿ, ಯಾವಾಗ, ಗಾಳಕ್ಕೋ ಬಲೆಗೋ, ಮುಂಚೆ ಎಷ್ಟು, ಈಗ ಎಷ್ಟು. ಆ ಮಾತುಕತೆಗಳಿಂದ ಹಿಂದೆ ಆಮೆ ಕಂಡ ಜಾಗಗಳ ನಕ್ಷೆ ಸಿದ್ಧವಾಯಿತು. ಆಮೆ ಸಿಕ್ಕರೆ ಫೋನ್ ಮಾಡುವ ಬಳಗ ಬೆಳೆಯಿತು. ಆ ಬಳಗದಿಂದಲೇ ಮೊಟ್ಟೆಯಿಡುವ ಹೆಣ್ಣಾಮೆಯ ಮೊದಲ ದಾಖಲೆ ಸಾಧ್ಯವಾಯಿತು. ನೀರಿನಲ್ಲಿ ಮುಳುಗಿದ ಗೂಡುಗಳಿಂದ ಮೊಟ್ಟೆ ಎತ್ತಿ, ಮರಿ ಮಾಡಿಸಿ ಹೊಳೆಗೆ ಬಿಟ್ಟರು. 2024ರಲ್ಲಿ ಈ ಅಧ್ಯಯನ ‘ಓರಿಕ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದೇ ಜಿಲ್ಲೆಯ ಅನಂತಪುರದ ಕೆರೆ ದೇವಸ್ಥಾನದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ಸತ್ತಾಗ ಸಾವಿರಾರು ಜನ ಅಂತಿಮ ದರ್ಶನಕ್ಕೆ ಬಂದಿದ್ದರು. ಬಬಿಯಾ ಕಣ್ಣಿಗೆ ಕಾಣುತ್ತಿತ್ತು, ನೈವೇದ್ಯಕ್ಕೆ ಬರುತ್ತಿತ್ತು, ಹೆಸರಿತ್ತು. ಪಾಲಪ್ಪೂವನ್‌ಗೆ ಇದಾವುದೂ ಇಲ್ಲ. ಕಾಣದ ಪ್ರಾಣಿಗೆ ಒಂದು ಅಧಿಕೃತ ಗುರುತು ಕೊಟ್ಟದ್ದು ಆ ಜಿಲ್ಲೆಯ ದೊಡ್ಡತನ ಎಂದೇ ನಾನು ಎಣಿಸುತ್ತೇನೆ.

‘ಮುಳುಗಿದ ಗೂಡುಗಳು’ ಎಂಬ ಮಾತಿಗೆ ಮತ್ತೆ ಬರಬೇಕು. ಚಂದ್ರಗಿರಿಯ ಉದ್ದ ಸುಮಾರು 105 ಕಿಲೋಮೀಟರ್. ಮೆಕಾಂಗ್‌ನ ಎದುರು ಒಂದು ನೂಲೆಳೆ. ಆದರೆ ಆಮೆಯ ಕಷ್ಟ ಎರಡೂ ಕಡೆ ಒಂದೇ, ಅಳತೆ ಮಾತ್ರ ಬೇರೆ. ಕರಾವಳಿಯ ಹೊಳೆಗಳಲ್ಲಿ ಮಳೆ ನಿಂತ ಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುತ್ತಾರೆ. ಅಡಿಕೆ ತೋಟಗಳಿಗೆ, ಬಾವಿಗಳಿಗೆ ಆ ನೀರು ಜೀವ. ಅದನ್ನು ಬೇಡವೆನ್ನಲು ಬೇಸಿಗೆಯ ಕರಾವಳಿಯನ್ನು ಕಾಣದವರಿಂದ ಮಾತ್ರ ಸಾಧ್ಯ. ಹಲಗೆ ಇಳಿದ ಮೇಲೆ ಹಿಂದಿನ ನೀರು ಏರಿ ದಂಡೆಯನ್ನು ಮುಚ್ಚುತ್ತದೆ. ಆಮೆ ಮೊಟ್ಟೆಯಿಡುವ ಮೊದಲೇ ಹಲಗೆ ಹಾಕಿ ನೀರಿನ ಮಟ್ಟವನ್ನು ನಿಲ್ಲಿಸಿದರೆ ಅದು ಮೇಲಿನ ದಂಡೆಯನ್ನು ಹುಡುಕಿಕೊಳ್ಳಬಹುದು. ಮೊಟ್ಟೆಯಿಟ್ಟ ಮೇಲೆ ಹಾಕಿದರೆ ಗೂಡು ಹೋಯಿತು. ಎರಡಕ್ಕೂ ಖರ್ಚು ಒಂದೇ. ಕೆಲವು ವಾರಗಳ ವ್ಯತ್ಯಾಸವಷ್ಟೆ. ಮರಳಿನದೂ ಹೀಗೆಯೇ: ಕೇರಳದಲ್ಲಿ ನದಿ ದಂಡೆ ರಕ್ಷಣೆಗೆ, ಮರಳು ತೆಗೆಯುವುದರ ನಿಯಂತ್ರಣಕ್ಕೆ 2001ರಿಂದಲೇ ಕಾಯ್ದೆಯಿದೆ. ಹೊಳೆಗೆ ಮರಳು ಬರುವುದು ಮಾತ್ರ ಸಂಪಾಜೆ ಘಟ್ಟದ ಕಡೆಯಿಂದ, ಕರ್ನಾಟಕದಿಂದ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡಗಳು ಕುಸಿದಾಗ ಪಯಸ್ವಿನಿಯಲ್ಲಿ ಕೆಸರು, ಮರದ ದಿಮ್ಮಿ ಹರಿದದ್ದನ್ನು ಕಂಡವರಿಗೆ, ಮೇಲಿನ ಬೆಟ್ಟಕ್ಕೂ ಕೆಳಗಿನ ದಂಡೆಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಂಬೋಡಿಯಾದಲ್ಲಿ ಈ ಆಮೆಯ ಉಸ್ತುವಾರಿ ಮೀನುಗಾರಿಕೆ ಆಡಳಿತದ್ದು. ಗಾಳ, ಬಲೆಗಳ ನಿಯಮವೂ ಅದೇ ಕಚೇರಿಯದು. ಆಮೆಯ ಜೀವವೂ ಅದನ್ನು ಕೊಲ್ಲುವ ಗಾಳವೂ ಒಂದೇ ಮೇಜಿನ ಮೇಲೆ ಬರುತ್ತವೆ. ನಮ್ಮಲ್ಲಿ ಆಮೆ ಅರಣ್ಯ ಇಲಾಖೆಯದು, ಬಲೆ ಮೀನುಗಾರಿಕೆ ಇಲಾಖೆಯದು, ಮರಳು ಗಣಿ ಮತ್ತು ಭೂವಿಜ್ಞಾನ ಇಲಾಖೆಯದು, ಕಿಂಡಿ ಅಣೆಕಟ್ಟಿನ ಹಲಗೆ ಸಣ್ಣ ನೀರಾವರಿಯದು. ಹೊಳೆಯ ಮೇಲಿನ ಅರ್ಧ ಒಂದು ರಾಜ್ಯದ್ದು, ಕೆಳಗಿನ ಅರ್ಧ ಇನ್ನೊಂದರದು. ಹಲಗೆ ಇಳಿಸುವ ದಿನವನ್ನು ನಿಶ್ಚಯಿಸುವ ಸಭೆಗೆ ಅರಣ್ಯ ಇಲಾಖೆಯವರನ್ನು ಕರೆಯುವ ಪದ್ಧತಿ ಇಲ್ಲಿ ಇಲ್ಲ. ಕರೆದರೆ, ಈ ವರ್ಷ ದಂಡೆಯ ಮೇಲೆ ಜಾಡು ಎಂದು ಮೂಡಿತೆಂದು ಹೇಳಲು ಆ ಹೊಳೆಬದಿಯ ಮೀನುಗಾರನೂ ಜೊತೆಗೆ ಬರಬೇಕಾಗುತ್ತದೆ.